ಕೈರುಚಿ

ಹುವಾನ್‌ಕಬಂಬಾ, ಮಂಗಳವಾರ

ಬೀಗಿತ್ತಿ ಸೊರಾಯ್ದಾ ಅವರಿಗೆ ಎರ್ಮೆಲಿಂಡಾ ಮಾಡುವ ನಮಸ್ಕಾರ.

ನಿಮ್ಮ ಕಿರಿಮಗಳ ಮದುವೆಗೆ ಹಸಿಮೆಣಸಿನ ಖಾರ ಅರೆಯಲು ಬೇರೆ ಯಾರನ್ನಾದರೂ ಕರೆಯಿರಿ. ನಾನು ಹಿತ್ತಲ ಬಾಗಿಲಿಂದ ಬಂದು ಒಲೆಗೆ ಸೌದೆ ಹಾಕುತ್ತೇನೆ.

ಸೊಸೆ ನೆಲಿಡಾಳ ಬೆನ್ನುಹುರಿಯಲ್ಲಿ ಲಾಡಿಹುಳುವಿನ ಗುಳ್ಳೆಗಳಿವೆ ಎಂದು ಡಾಕ್ಟರು ಹೇಳಿದಾಗ, "ಎಲ್ಲಾ ಅವಳ ತವರುಮನೆ ಹಂದಿಯ ಪ್ರಸಾದ" ಎಂದು ಆಸ್ಪತ್ರೆಯಲ್ಲೇ ನಿಮ್ಮನ್ನು ಹಂಗಿಸಿದೆ. ಆಮೇಲೆ ಮನೆಮಂದಿಯ ಮಲ ಪರೀಕ್ಷೆಯಾಯಿತು. ಹುಳು ಇದ್ದದ್ದು ನನ್ನ ಹೊಟ್ಟೆಯಲ್ಲಿ.

"ಅದರ ಮೊಟ್ಟೆ ನಿಮ್ಮ ಕೈಯಿಂದ ಖಾರಕ್ಕೆ ಸೇರಿದೆ ಅಮ್ಮಾ, ಖಾರದಿಂದ ಅವಳಿಗೆ ಹೋಗಿದೆ," ಎಂದರು ಡಾಕ್ಟರು.

ಹುಳುವಿನ ಗಂಟು ಇದೆಯೇ ಎಂದು ಹಂದಿಯ ನಾಲಿಗೆ ಎಳೆದು ನೋಡದೆ ನಾನೆಂದೂ ಕೊಯ್ಯಿಸಿದವಳಲ್ಲ, ನಿಮಗೇ ಗೊತ್ತು. ಗಂಟು ಕಂಡ ಹಂದಿಯ ಮಾಂಸವನ್ನು ಯಾರಿಗೂ ಬಡಿಸಲಿಲ್ಲ. ಎಸೆಯಲು ಮನಸ್ಸು ಬಾರದೆ ನಾನೊಬ್ಬಳೇ ತಿಂದೆ.

ಮಾತ್ರೆ ನುಂಗಿದ ಮೇಲೆ ನನ್ನ ಹುಳು ಹೋಯಿತು. ನೆಲಿಡಾಳ ಕಾಲು ಮಾತ್ರ ಇನ್ನೂ ಮರಗಟ್ಟಿಯೇ ಇದೆ. ಅವಳಿಗೆ ಏನನ್ನೂ ಹೇಳಲು ನನಗೆ ಬಾಯಿ ಬಂದಿಲ್ಲ. ನಿನ್ನೆ ಆಸ್ಪತ್ರೆಯಲ್ಲಿ ನನ್ನ ಶಾಲಿನ ತುದಿ ಹಿಡಿದು, "ಇಲ್ಲಿ ಊಟ ಬರೀ ಸಪ್ಪೆ ಅತ್ತೆ. ನಿಮ್ಮ ಕೈಯಾರೆ ಅರೆದ ಖಾರ ಒಂಚೂರು ತನ್ನಿ," ಎಂದಳು.

ದಯವಿಟ್ಟು ನೀವೇ ಅರೆದು ಕಳಿಸಿ. ನಾನರೆದದ್ದೆಂದೇ ಕೊಡುತ್ತೇನೆ. ಈ ಒಂದು ಸಲ ಸುಮ್ಮನಿರಿ.

ನಿಮ್ಮ ಬೀಗಿತ್ತಿ,
ಎರ್ಮೆಲಿಂಡಾ