ಹೆಲ್ಮ್ ಶಾಲೆ ಮುಚ್ಚಿದ ಮೇಲೆ

ಹೆಲ್ಮ್, ಕಾನ್ಸಾಸ್
ಭಾನುವಾರ, ೨೩ ಅಕ್ಟೋಬರ್ ೧೯೬೬

ಮುದ್ದಿನ ಮಗ ಅಲೋಯಿಸ್,

ಹೇಗಿದ್ದೀಯಪ್ಪಾ? ಬೇಸಿಗೆಯಲ್ಲಿ ನೀನು ಬರೆದ ಕಾಗದದಲ್ಲಿ ಇದ್ದದ್ದೇ ನಾಲ್ಕು ಸಾಲು, ಅದರಲ್ಲೂ ಒಂದು ಸಾಲು ಕೆಮ್ಮಿನದು. ಮೀನಿನ ಕಾರ್ಖಾನೆಯಲ್ಲಿ ಹಗಲೆಲ್ಲ ತಣ್ಣೀರಲ್ಲಿ ಕೈ ಅದ್ದಿಕೊಂಡು ನಿಂತರೆ ಎದೆ ಕಟ್ಟದೆ ಇರುತ್ತದೆಯೇ? ಅಲಾಸ್ಕಾದಲ್ಲಿ ಆಗಲೇ ಹಿಮ ಬಿದ್ದಿರಬೇಕು. ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದೇನೆ, ಕ್ರಿಸ್‌ಮಸ್ಸಿನ ಹೊತ್ತಿಗೆ ಕಳಿಸುತ್ತೇನೆ. ಅಲ್ಲಿ ನಿನಗೆ ಬಿಸಿಯಾಗಿ ಏನಾದರೂ ಬೇಯಿಸಿ ಹಾಕುವವರು ಇದ್ದಾರೋ ಇಲ್ಲವೋ. ನನ್ನ ಮೊಣಕಾಲು ನಾನು ಹೇಳಿದಂತೆ ಕೇಳುವುದಿಲ್ಲ, ಅದು ಬಿಟ್ಟರೆ ಗಟ್ಟಿಯಾಗಿದ್ದೇನೆ. ನಿನ್ನ ಮಗಳು ಡೆಲ್ಫಿನ್ ಜೋಳದ ದಂಟಿನ ಹಾಗೆ ಬೆಳೆಯುತ್ತಿದ್ದಾಳೆ. ಹೋದ ವರ್ಷದ ಕೋಟಿನ ತೋಳು ಈಗ ಮೊಣಕೈ ದಾಟಿ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಮೂಗು ಅವಳಮ್ಮ ಮೇವಿಸಳದೇ. ಹಟ ಮಾತ್ರ ನಿನ್ನದು.

ನಮ್ಮ ಶಾಲೆ ಮುಚ್ಚಿದ ಸುದ್ದಿ ನಿನಗೆ ಯಾರಾದರೂ ಬರೆದಿರಬಹುದು. ಬರೆದಿದ್ದರೆ, ಮುಚ್ಚಿಸಿದ್ದು ನಿನ್ನ ಅಮ್ಮನೇ ಎಂದೂ ಬರೆದಿರುತ್ತಾರೆ. ಅದಕ್ಕೇ ನಾನೂ ಹೇಳಿಬಿಡುತ್ತೇನೆ, ನಡೆದದ್ದು ನಡೆದ ಹಾಗೆ.

ಸಣ್ಣ ಶಾಲೆಗಳನ್ನೆಲ್ಲ ಸೇರಿಸಿ ಇಡೀ ಕೌಂಟಿಗೆ ಒಂದೇ ದೊಡ್ಡ ಶಾಲೆ ಮಾಡುವ ಮಾತು ನೀನು ಇಲ್ಲಿದ್ದಾಗಲೇ ಎದ್ದಿತ್ತಲ್ಲ. ಸುತ್ತಲಿನ ಊರುಗಳೆಲ್ಲ ಒಂದೊಂದಾಗಿ ಒಪ್ಪಿಕೊಂಡವು. ಉಳಿದದ್ದು ಹೆಲ್ಮ್ ಒಂದೇ. ನಾವು ಒಪ್ಪುವುದಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ, ಯಾರೂ ಯಾರನ್ನೂ ಕೇಳಿರಲಿಲ್ಲ. ನನ್ನನ್ನೂ ಕೇಳಿರಲಿಲ್ಲ. ಶಾಲೆಯ ಗೋಡೆಯ ಹಳದಿ ಕಲ್ಲನ್ನು ಗುಡ್ಡದಿಂದ ಕಡಿದು ತಂದವರಲ್ಲಿ ನಿನ್ನಪ್ಪನೂ ಒಬ್ಬರು. ಅವರ ಹೆಂಡತಿಯನ್ನು ಯಾರು ತಾನೆ ಕೇಳುತ್ತಾರೆ!

ಫೆಬ್ರವರಿಯಲ್ಲಿ ಒಂದು ದಿನ ಡೆಲ್ಫಿನ್ ಊಟದ ಡಬ್ಬಿ ಮರೆತು ಹೋಗಿದ್ದಳು. ತೆಗೆದುಕೊಂಡು ಶಾಲೆಗೆ ನಡೆದೆ. ಆಟದ ಹೊತ್ತು. ದೊಡ್ಡ ಹುಡುಗರು ಅಂಗಳದ ಆ ಕಡೆ ಚೆಂಡಾಡುತ್ತಿದ್ದರು, ಇಬ್ಬರು ಪುಟ್ಟ ಮಕ್ಕಳು ಮಾಸ್ತರಮ್ಮನ ಲಂಗ ಹಿಡಿದು ನಿಂತಿದ್ದರು. ಡೆಲ್ಫಿನ್‌ಳ ತರಗತಿಯಲ್ಲಿ ಅವಳನ್ನು ಬಿಟ್ಟು ಬೇರೆ ಮಗು ಇರಲಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಮಕ್ಕಳು ಎದುರುಬದುರು ಕೂತು ಏರಿಳಿಯುವ ಹಲಗೆ ಇತ್ತಲ್ಲ, ಅದರ ಒಂದು ತುದಿಯಲ್ಲಿ ಇವಳು ಕೂತಿದ್ದಳು. ಇನ್ನೊಂದು ತುದಿಗೆ ದನದ ಮೇವಿನ ಚೀಲದಲ್ಲಿ ಕಲ್ಲು ತುಂಬಿ ಕಟ್ಟಿದ್ದಳು. ತನ್ನ ತೂಕಕ್ಕೆ ಸರಿಯಾಗುವಷ್ಟು, ತಾನೇ ನೋಡಿ ನೋಡಿ ತುಂಬಿರಬೇಕು. ಕಾಲಲ್ಲಿ ನೆಲ ಒದ್ದು ಮೇಲೆ ಹೋಗುವಳು, ಕೆಳಗೆ ಬರುವಳು. ಆ ಚೀಲದ ಜೊತೆ ಮಾತಾಡುತ್ತಿದ್ದಳು, ಅಲೋಯಿಸ್. ನಾನು ಬೇಲಿಯ ಕಲ್ಲುಕಂಬದ ಹಿಂದೆ ನಿಂತುಬಿಟ್ಟೆ. ಡಬ್ಬಿಯನ್ನು ಅದರ ಮೇಲಿಟ್ಟು ಕರೆಯದೆ ಬಂದೆ.

ಮಾರ್ಚ್‌ನಲ್ಲಿ ಒಂದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಶಾಲೆಯಲ್ಲೇ ಸಭೆ ಸೇರಿತು. ಕೌಂಟಿಯಿಂದ ಟೈ ಕಟ್ಟಿದವನೊಬ್ಬ ನಕ್ಷೆ ಹಿಡಿದು ಬಂದಿದ್ದ. ನಕ್ಷೆಯಲ್ಲಿ ಹೆಲ್ಮ್ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಿದ್ದಾಗ ನಮ್ಮ ಪಯಸ್ ವೈಗಲ್, “ಹುಡುಕಿ ಸ್ವಾಮೀ, ನಿಧಾನವಾಗಿ ಹುಡುಕಿ. ನಿಮ್ಮ ಕೈಗೆ ಸಿಗೋವರೆಗೂ ನಾವು ಬದುಕಿರ್ತೀವಿ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಶಾಲೆಯ ಮಂಡಳಿಗೆ ಪಯಸನೇ ಮುಖ್ಯಸ್ಥ. ಆಮೇಲೆ ಅವನು ನಗದೆ ಹೇಳಿದ: “ಇವತ್ತು ಶಾಲೆ ಹೋಗತ್ತೆ. ನಾಳೆ ಅಂಚೆ ಕಚೇರಿ. ನಾಡಿದ್ದು ಅಂಗಡಿ. ಕೊನೆಗೆ ಉಳಿಯೋದು ಸ್ಮಶಾನ ಒಂದೇ. ಅಲ್ಲಿ ಕೂತು ಇಸ್ಪೀಟಾಡೋಣ್ವಾ?” ಸುಳ್ಳಲ್ಲ, ಅವನು ಹೇಳಿದ್ದು. ಈಗಲೂ ಸುಳ್ಳು ಅನ್ನಿಸುವುದಿಲ್ಲ.

ಕೌಂಟಿಯ ಶಾಲೆಗೆ ಸೇರಲು ಒಪ್ಪುವವರು ಎದ್ದು ನಿಲ್ಲಿ ಎಂದರು. ಯಾರೂ ಏಳಲಿಲ್ಲ. ಮಕ್ಕಳಿರುವ ತಾಯಂದಿರು ಮಡಿಲಲ್ಲಿಟ್ಟ ಕೈಯನ್ನೇ ನೋಡುತ್ತಿದ್ದರು. ನಾನು ಎದ್ದೆ. ಕುರ್ಚಿ ಕಿರ್ರೆಂದಿತು, ಇಡೀ ಕೋಣೆ ತಿರುಗಿತು. ಪಯಸ್ ಬಯ್ಯಲಿಲ್ಲ. ಮೆಲ್ಲಗೆ, “ಒಟಿಲಿಯಾ, ನಿನ್ನ ಗಂಡನ ಬೆವರು ಈ ಗೋಡೆಯಲ್ಲಿದೆ. ಅದಕ್ಕೆ ಬೀಗ ಹಾಕ್ತೀಯಾ?” ಎಂದ. “ಗೋಡೆ ಜೊತೆ ಮಗು ಎಷ್ಟು ದಿನ ಆಡತ್ತೆ ಪಯಸ್?” ಎಂದೆ. ಹಲಗೆಯ ವಿಷಯ ಹೇಳಿದೆ. ಚೀಲ, ಕಲ್ಲು, ಎಲ್ಲ. ಮೊದಲು ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದಳು. ಆಮೇಲೆ ಇನ್ನೊಬ್ಬಳು, ಗಂಡ ಅವಳ ಕೋಟು ಹಿಡಿದು ಜಗ್ಗುತ್ತಿದ್ದರೂ ನಿಂತೇ ಇದ್ದಳು. ಅರ್ಧಕ್ಕಿಂತ ಹೆಚ್ಚು ಜನ ಎದ್ದ ಮೇಲೆ ಪಯಸ್ ಟೋಪಿ ತೆಗೆದುಕೊಂಡು ಹೊರಗೆ ಹೋದ.

ಅವತ್ತಿನಿಂದ ನನ್ನ ಜೊತೆ ಯಾರೂ ಜಗಳವಾಡಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅಂಗಡಿಗೆ ಹೋದರೆ ಹವೆಯ ಮಾತು ಶುರುವಾಗುತ್ತದೆ. ಚರ್ಚಿನಲ್ಲಿ ನನ್ನ ಬೆಂಚಿಗೆ ಯಾರೂ ಬರುವುದಿಲ್ಲ. ಎದ್ದು ನಿಂತ ತಾಯಂದಿರೂ ಈಗ ನನ್ನಿಂದ ದೂರ ಕೂರುತ್ತಾರೆ. ಅವರೆಲ್ಲ ಇಲ್ಲೇ ಬದುಕಬೇಕಲ್ಲ, ಅವರನ್ನು ಏನೆನ್ನಲಿ? ಕೌದಿ ಹೊಲಿಯುವ ಹೆಂಗಸರು ಸೇರುವ ದಿನವನ್ನು ಬದಲಾಯಿಸಿದರು. ಯಾವ ದಿನಕ್ಕೆ ಎಂದು ನನಗೆ ಹೇಳಲಿಲ್ಲ. ನಿನ್ನಪ್ಪ ಹೋದಾಗಿನಿಂದ ಪಯಸ್ ನಮ್ಮ ದಾರಿಯ ಹಿಮ ತೆಗೆದುಕೊಡುತ್ತಿದ್ದ. ಈ ಚಳಿಗಾಲಕ್ಕೆ ನಾನೇ ಸಲಿಕೆ ತಂದಿಟ್ಟುಕೊಂಡಿದ್ದೇನೆ.

ಸೆಪ್ಟೆಂಬರಿನಿಂದ ಹಳದಿ ಬಸ್ಸು ಬರುತ್ತಿದೆ. ಸೂರ್ಯ ಹುಟ್ಟುವ ಮೊದಲೇ ಡೆಲ್ಫಿನ್‌ಳನ್ನು ಕರೆದುಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ಮೊದಲ ಕೆಲವು ದಿನ ತುಟಿ ಬಿಚ್ಚಲಿಲ್ಲ, ಬಂದವಳೇ ಮಲಗಿಬಿಡುತ್ತಿದ್ದಳು. ತಪ್ಪು ಮಾಡಿದೆನೇ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಆಮೇಲೊಂದು ಸಂಜೆ ಬಸ್ಸಿನಿಂದ ಹಾರಿ ಅಂಗಳದುದ್ದಕ್ಕೂ ಓಡಿಬಂದಳು. “ಅಜ್ಜೀ, ನಮ್ಮ ಕ್ಲಾಸಲ್ಲಿ ಇನ್ನೊಬ್ಬಳು ಡೆಲ್ಫಿನ್ ಇದಾಳೆ! ಕರೆದ್ರೆ ಇಬ್ರೂ ಏಳ್ತೀವಿ. ಅದಕ್ಕೆ ನನ್ನ ಹೆಸರೀಗ ಡೆಲ್ಫಿನ್ ಬಿ.!” ನಮ್ಮ ಬ್ರುಂಗಾರ್ಟ್ ಎಂಬ ಮನೆಹೆಸರಿನ ಮೊದಲಕ್ಷರವನ್ನು ಪದಕ ಸಿಕ್ಕಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾಳೆ. ಆ ಇನ್ನೊಬ್ಬಳ ಜೊತೆ ಈಗ ಬಿಡದ ಸ್ನೇಹ. ಶನಿವಾರ ಅವಳನ್ನು ಕರೆತಂದಿದ್ದಳು. ಎಲೆಕೋಸು, ಮಾಂಸ ತುಂಬಿದ ಬಿಯರಾಕ್ ಬನ್ನು ಬೇಯಿಸಿ ಕೊಟ್ಟೆ. ಇಬ್ಬರೂ ಕಣಜದ ಹಿಂದೆ ಕೂತು ಏನೋ ಪಿಸುಗುಟ್ಟಿ ನಗುತ್ತಿದ್ದರು. ನನ್ನನ್ನು ಕಂಡ ತಕ್ಷಣ ಸುಮ್ಮನಾದರು. ಅಬ್ಬಾ, ಕೊನೆಗೂ ಇವಳಿಗೆ ನನ್ನಿಂದ ಮುಚ್ಚಿಡುವ ಮಾತು ಒಂದು ಸಿಕ್ಕಿತಲ್ಲ ಎಂದುಕೊಂಡು ಒಳಗೆ ಬಂದು ಪಾತ್ರೆ ತೊಳೆದೆ.

ಆದರೆ ಹಗಲು ಬಹಳ ಉದ್ದವಾಗಿದೆ ಮಗನೇ. ಮೊದಲು ಬೆಳಗ್ಗೆ ಶಾಲೆಯ ಗಂಟೆ ಕೇಳಿಸುತ್ತಿತ್ತು, ಆಟದ ಹೊತ್ತಿನ ಗಲಾಟೆ ಕೇಳಿಸುತ್ತಿತ್ತು. ಅದು ನಿಲ್ಲುವವರೆಗೂ, ದಿನವನ್ನು ಅದರ ಮೇಲೇ ಸಾಗಿಸುತ್ತಿದ್ದೆ ಎಂದು ಗೊತ್ತಿರಲಿಲ್ಲ. ಈಗ ಗಾಳಿ ಒಂದೇ. ರೇಡಿಯೋ ಹಾಕಿಟ್ಟುಕೊಳ್ಳುತ್ತೇನೆ, ಗೋಧಿಯ ಧಾರಣೆ ಹೇಳುವವನ ದನಿಯಾದರೂ ಇರಲಿ ಎಂದು.

ಶಾಲೆಯ ಕಟ್ಟಡವನ್ನು ಪಯಸನೇ ಕೊಂಡ. ಬಿತ್ತನೆ ಗೋಧಿ ತುಂಬಿದ್ದಾನೆ. ಹೋದ ವಾರ ತಡೆಯಲಾರದೆ ಹೋಗಿ ನೋಡಿದೆ. ಕರಿಹಲಗೆಯ ಅರ್ಧದವರೆಗೂ ಗೋಧಿಯ ರಾಶಿ. ಅವನು ಕಿಟಕಿಯ ಕೆಳಗೆ, ಮಕ್ಕಳು ಕೂರುವ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತು ರೊಟ್ಟಿ ತಿನ್ನುತ್ತಿದ್ದ. ಮನೆಯಲ್ಲಿ ಊಟ ಬಿಟ್ಟು ಇಲ್ಲೇಕೆ ಎಂದು ನಾನು ಕೇಳಲಿಲ್ಲ. ಅವನೇ, “ಹುಡುಗಿ ಹೇಗಿದಾಳೆ?” ಎಂದ. ಚೆನ್ನಾಗಿದ್ದಾಳೆ, ಗೆಳತಿ ಸಿಕ್ಕಿದ್ದಾಳೆ ಎಂದೆ. ತಲೆಯಾಡಿಸಿದ. “ಅವಳಿಗೆ ಸಿಕ್ಕಿದ್ಲು. ನಿನಗೆ ಯಾರಿದಾರೆ ಒಟಿಲಿಯಾ?” ಚುಚ್ಚಲೆಂದು ಕೇಳಿದ್ದಲ್ಲ, ನಿಜವಾಗಿ ಕೇಳಿದ. ಅವನ ಪಕ್ಕದಲ್ಲಿ ಬೆಂಚು ಖಾಲಿ ಇತ್ತು. ಕೂರು ಎಂದು ಅವನು ಹೇಳಲಿಲ್ಲ, ನಾನೂ ಕೂರಲಿಲ್ಲ. ಹೊಲದ ದಾರಿ ಹಿಡಿದು ಬಂದೆ. ಮತ್ತೊಮ್ಮೆ ಸಭೆ ಕರೆದರೂ ನಾನು ಎದ್ದೇ ನಿಲ್ಲುತ್ತೇನೆ. ಅದನ್ನು ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಮೇವಿಸಳ ಸಮಾಧಿಗೆ ಸೇವಂತಿಗೆ ಇಟ್ಟು ಬಂದಿದ್ದೇನೆ. ನಿನ್ನ ಹೆಸರಲ್ಲೂ ಒಂದು ಇಟ್ಟೆ. ಎದೆಗೆ ಬೆಚ್ಚಗೆ ಸುತ್ತಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ಕಡಲಿನವರನ್ನು ಕಾಯುವ ಸಂತರು ಯಾರಿದ್ದಾರೋ ಅವರೆಲ್ಲ, ದಡದಲ್ಲಿ ಮೀನು ಸೀಳುವ ನನ್ನ ಮಗನ ಮೇಲೂ ಒಂದು ಕಣ್ಣಿಡಲಿ.

ನಿನ್ನ ಅಮ್ಮ,
ಒಟಿಲಿಯಾ

ತಾ.ಕ.: ಇದನ್ನು ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ಬೇರೆಯದೆಲ್ಲ ಬರೆದೆ. ಗುರುವಾರ ಮಧ್ಯಾಹ್ನ ಹೊಸ ಶಾಲೆಯಲ್ಲಿ ಮಕ್ಕಳ ಹಾಡು ಇತ್ತು, ಹೋಗಿದ್ದೆ. ಡೆಲ್ಫಿನ್‌ಳ ಟೀಚರು ಮಿಸೆಸ್ ಟಾಲ್ಬರ್ಟ್ ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮ ಮಗ ತೀರಿಕೊಂಡ ವಿಷಯ ಡೆಲ್ಫಿನ್ ಹೇಳಿದ್ಲು, ಬಹಳ ಬೇಜಾರಾಯ್ತು” ಎಂದರು. ಥ್ಯಾಂಕ್ಸ್ ಎಂದುಬಿಟ್ಟೆ. ಮನೆಗೆ ಬರುವಾಗ ಅವಳು ಪಿಕಪ್ ಟ್ರಕ್ಕಿನ ಕಿಟಕಿಯಾಚೆ ನೋಡುತ್ತಾ, “ಟೀಚರ್‌ಗೆ ನಿಜ ಹೇಳಿಬಿಟ್ಯಾ ಅಜ್ಜಿ?” ಎಂದಳು. ಇಲ್ಲ ಎಂದೆ. “ಅಪ್ಪ ಅಮ್ಮ ಇಬ್ರೂ ಸತ್ತೋದ್ರು ಅಂದ್ರೆ ಯಾರೂ ಮುಂದೆ ಏನೂ ಕೇಳಲ್ಲ. ಅಪ್ಪ ಇದಾರೆ ಅಂದ್ರೆ, ಮತ್ತೆ ಎಲ್ಲಿದಾರೆ, ಯಾವಾಗ ಬರ್ತಾರೆ ಅಂತಾರೆ.” ನಾನು ಅವಳನ್ನು ಬಯ್ಯಲಿಲ್ಲ, ಅಲೋಯಿಸ್. ನಿನ್ನನ್ನೂ ಬಯ್ಯುತ್ತಿಲ್ಲ. ಮೀನಿನ ಕಾಲ ಮುಗಿದಿರುತ್ತದೆ, ಹೊರಟು ಬಾ. ಮೊದಲು ಮನೆಗೆ ಬರಬೇಡ. ನೇರವಾಗಿ ಶಾಲೆಗೆ ಹೋಗಿ, ಬಸ್ಸುಗಳು ನಿಲ್ಲುವ ಕಡೆ ಎಲ್ಲ ಮಕ್ಕಳಿಗೂ ಕಾಣುವ ಹಾಗೆ ನಿಲ್ಲು. ಗಡ್ಡ ಬಿಟ್ಟಿದ್ದರೆ ಬೋಳಿಸಿಕೊಂಡು ಹೋಗು, ಅವಳಿಗೆ ಗುರುತು ಹತ್ತಲಿ.