ಅವ್ವನ ಮಂಡಿಯಳತೆಯ ಜಗಲಿ

ಅವ್ವ,

ಮನೆ ಮುಂದೆ ನಾನು ಕಟ್ಟಿದ್ದ ಜಗಲಿಯನ್ನು ನೆನ್ನೆ ಪಟೇಲರು ಆಳು ಕಳಿಸಿ ಕೆಡವಿಸಿದರು. ಅವರ ಜಗಲಿಗಿಂತ ನಾಲ್ಕು ಬೆರಳು ಎತ್ತರವಾಗಿತ್ತಂತೆ.

ಬಾಬು ಜಾನ್ ಸಾಬರ ಗಾಡಿಯಲ್ಲಿ ಸೋಮನಹಳ್ಳಿಗೆ ಹೊರಟಿದ್ದೀನಿ. ಈ ಸಲ ಜಗಲಿ ಮೇಲೆ ಹಾಸೋಕೆ ಕಲ್ಲುಚಪ್ಪಡಿ ತತ್ತೀನಿ. ಹಿತ್ತಲಲ್ಲಿ ಕಲಸಿಟ್ಟ ಮಣ್ಣು ಒಣಗದ ಹಾಗೆ ಆಗಾಗ ಚೆಂಬಲ್ಲಿ ನೀರು ಚಿಮುಕಿಸು. ತುಳಿಯೋಕೆ ಇಳಿಯಬೇಡ ಕಣವ್ವ, ಅದು ನನ್ನ ಕೆಲಸ. ಮುದ್ದೆ ಮಾಡಿಟ್ಟಿದ್ದೀನಿ, ಮತ್ತೆ ತಂಗಳು ತಿಂದುಕೊಂಡು ಕೂರಬೇಡ. ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊ.

ನೀನು ಓದು ಕಲಿತು ಮೂರೇ ತಿಂಗಳಾಯಿತು ಅಂತ ದಪ್ಪಕ್ಷರದಲ್ಲಿ ಬರೆದಿದ್ದೀನಿ. ಬೇರೆಯವರ ಕೈಲಿ ಓದಿಸಬೇಡ, ನೀನೇ ನಿಧಾನವಾಗಿ ಓದು.

ಪಟೇಲರ ಜಗಲಿ ಎಷ್ಟೆತ್ತರ ಅಂತ ನಾನು ನೋಡೇ ಇರಲಿಲ್ಲ. ನೆಲದಲ್ಲಿ ಕೂತರೆ ನೀನು ಏಳಲಾರೆ, ಅದಕ್ಕೇ ನಿನ್ನ ಮಂಡಿಗೆ ಹುರಿ ಹಿಡಿದು ಅಳತೆ ತಗೊಂಡೆ. ನಾಲ್ಕು ದಿನ ನೀನು ಯಾರ ಕೈಯನ್ನೂ ಹಿಡಿಯದೆ ಅಲ್ಲಿ ಕೂತೆದ್ದೆ, ಸೊಪ್ಪು ಬಿಡಿಸಿದೆ, ಹಾಡಿಕೊಂಡೆ. ಊರಿಗೆ ಪಟೇಲರಾದವರು ನಿನ್ನ ಮಂಡಿಗೂ ಪಟೇಲರೇನು?

"ಅವರ ಕಾಲಿಗೆ ಬಿದ್ದು ಬಾ, ತಗ್ಗಿಸಿ ಕಟ್ಟು ಮಗ" ಅಂದೆ ನೀನು. ನಿನ್ನ ಮಾತು ಮೀರಿದವಳಲ್ಲ ನಾನು. ಆದರೆ ಕಾಲಿಗೂ ಬೀಳಲ್ಲ, ಒಂದು ಬೆರಳೂ ತಗ್ಗಿಸಲ್ಲ.