ನನ್ನ ಹೆಸರಿನಲ್ಲಿ ಹೋದ ಲಗ್ನಪತ್ರಿಕೆ

ಜೂನ್ ೧೨, ಗುರುವಾರ

ಫೋನಿಗೆ ಬರುವ ಲಗ್ನಪತ್ರಿಕೆಗಳನ್ನು ಒತ್ತಬೇಡಿ, ಅವುಗಳೊಳಗೆ ಕಳ್ಳರಿರುತ್ತಾರೆ ಎಂದು ಕಳೆದ ವಾರ ಮಕ್ಕಳಿಗೆ ಪಾಠ ಹೇಳಿದವನು ನಾನೇ. ನಿನ್ನೆ ಅಂಥದೇ ಒಂದು ಪತ್ರಿಕೆಯನ್ನು, ಯಲಿಯೂರಿನ ಭಾವನ ನಂಬರಿನಿಂದ ಬಂತೆಂದು ಒತ್ತಿದವನೂ ನಾನೇ. ಕರೆದರೂ ಮದುವೆಗೆ ಬರಲಿಲ್ಲ ಎಂಬ ಮಾತು ಬರಬಾರದಲ್ಲ. ಬೆಳಗಾಗುವಷ್ಟರಲ್ಲಿ ಅದೇ ಪತ್ರಿಕೆ ತಾನಾಗಿಯೇ ನನ್ನ ಹೆಸರಿನಲ್ಲಿ ಊರಿಗೆಲ್ಲ ಹೋಗಿತ್ತು.

ಸಂಜೆ ಪಕ್ಕದ ಬೀದಿಯ ಬೆಳ್ಳಮ್ಮ ಫೋನ್ ಹಿಡಿದು ಬಂದರು. "ಮೇಷ್ಟ್ರೇ, ನೀವು ಕಳ್ಸಿದ್ ಪತ್ರಿಕೆ ಎಷ್ಟು ಒತ್ತುದ್ರೂ ಬಿಚ್ಕತಿಲ್ಲ. ನೀವು ಇಸ್ಕೂಲಲ್ಲಿ ಏಳಿದ್ನ ಮೊಮ್ಮಗ್ಳು ಏಳವ್ಳೆ. ಬೇರೆಯೋರು ಕಳ್ಸಿದ್ರೆ ಮುಟ್ತಿರ್ನಿಲ್ಲ."

ನಾಚಿಕೆಗೆ ನಿಜ ಬಾಯಿಗೆ ಬರಲಿಲ್ಲ. "ನೆಟ್‌ವರ್ಕ್ ಸರಿಯಿಲ್ಲ ಕಣಮ್ಮ, ನಾಳೆ ನೋಡಾನ" ಅಂದೆ. ನಂಬಿಕೊಂಡು ಹೋದರು.

ಇದನ್ನು ಬರೆಯುತ್ತಿರುವಾಗಲೇ ನನ್ನ ಫೋನಿಗೆ ಒಂದು ಲಗ್ನಪತ್ರಿಕೆ ಬಂತು. ಬೆಳ್ಳಮ್ಮನ ನಂಬರಿನಿಂದ.